ಬಾಬಿನ್ ಅಂಗಡಿಯ ರೋವಿ

ಅನ್‌ಸ್ಟ್ ದ್ವೀಪ, ಶೆಟ್‌ಲೆಂಡ್
4 ಅಕ್ಟೋಬರ್ 1993

ಶ್ರೀಮತಿ ಎಲ್ಸ್‌ಪೆತ್ ಮೇರ್ ಅವರಿಗೆ,

ನನ್ನ ಗುರುತು ನಿಮಗೆ ಹತ್ತಲಿಕ್ಕಿಲ್ಲ. ನಾನು ಗಿಲ್ಬರ್ಟ್ ಪಿರಿ, ಪೋರ್ಟ್‌ಗಾರಿಯಲ್ಲೇ ಹುಟ್ಟಿದವನು. ಮೇಲಿನ ಸಾಲಿನ ಕಡೆಯ ಮನೆ ನಮ್ಮದು. ಅಪ್ಪ ದೋಣಿಯೊಂದಿಗೆ ಸಮುದ್ರದ ಪಾಲಾದ ಮೇಲೆ ಅಮ್ಮ ಬಲೆ ಹೊಲಿದು ಕೆಲವು ವರ್ಷ ನಮ್ಮನ್ನು ಅಲ್ಲೇ ಸಾಕಿದಳು. ನನಗೆ ಹನ್ನೆರಡು ತುಂಬುವ ಹೊತ್ತಿಗೆ ಅಬರ್ಡೀನಿಗೆ ಹೊರಟೆವು. ಆಮೇಲೆ ನಾನು ಹಡಗಿನ ಎಂಜಿನ್ ಕೋಣೆ ಸೇರಿ, ಎಲ್ಲೆಲ್ಲೋ ಸುತ್ತಿ, ಈ ದ್ವೀಪದ ಹುಡುಗಿಯನ್ನು ಮದುವೆಯಾಗಿ ಇಲ್ಲೇ ನಿಂತೆ. ಊರಿನ ಕಡೆ ತಲೆ ಹಾಕಿ ನಲವತ್ತು ವರ್ಷವಾದರೂ ಆಗಿರಬೇಕು.

ನಿಮ್ಮ ತಂದೆಯ ಬೇಕರಿಯ ಆ ಚಪ್ಪಟೆ ಉಪ್ಪು ಬನ್ನು, ರೋವಿ, ಬೇಕಾಗಿದೆ, ಅದಕ್ಕೇ ಈ ಕಾಗದ. ಅಂಗಡಿ ಮುಚ್ಚಿದ್ದು ಗೊತ್ತು. ಆದರೆ ಬಾಬಿನ್ ಅಂಗಡಿಯ ಮಗಳು ಊರು ಬಿಟ್ಟಿಲ್ಲ ಎಂದು ಯಾರೋ ಹಿಂದೊಮ್ಮೆ ಹೇಳಿದ್ದು ನೆನಪಿತ್ತು.

ಮಾರ್ಚ್ ತಿಂಗಳಲ್ಲಿ ನನ್ನ ಹೆಂಡತಿ ರೂಬಿ ತೀರಿಕೊಂಡಳು. ಅಂದಿನಿಂದ ಬಾಯಿಗೆ ಯಾವುದೂ ರುಚಿಸುವುದಿಲ್ಲ. ನೆರೆಯವರು ಸೂಪು ತಂದಿಟ್ಟು ಹೋಗುತ್ತಾರೆ, ನಾನು ಪಾತ್ರೆ ತೊಳೆದು ಹಿಂದಿರುಗಿಸುತ್ತೇನೆ. ನಡುವೆ ಸೂಪು ಎಲ್ಲಿ ಹೋಯಿತು ಎಂದು ಅವರು ಕೇಳುವುದಿಲ್ಲ. ಹೋದ ವಾರ ಒಂದು ಬೆಳಿಗ್ಗೆ ಏಳುವಾಗ ಬಾಯಲ್ಲಿ ರೋವಿಯ ರುಚಿ ಇತ್ತು. ಉಪ್ಪು, ಕರಗಿದ ಕೊಬ್ಬು, ತಳದಲ್ಲಿ ಒಂದಿಷ್ಟು ಸೀದದ್ದು. ಅಮ್ಮ ಒಲೆಗೆ ಮುಖ ಮಾಡಿ ನಮಗೆ ಬೆನ್ನು ಹಾಕಿ ನಿಂತು, ಆಮೇಲೆ ತಿರುಗಿ, "ಬಿಸಿಬಿಸಿ ಇದೆ, ಬೇಗ ತಿನ್ನಿ" ಎಂದು ಕೈಗೆ ಕೊಡುತ್ತಿದ್ದಳಲ್ಲ, ಆ ರೋವಿ. ಅವತ್ತು ನನಗೆ ನಿಜವಾಗಿ ಹಸಿವಾಯಿತು.

ಅಬರ್ಡೀನಿನ ಅಂಗಡಿಗಳಿಂದ ತರಿಸಿ ನೋಡಿದೆ. ಹತ್ತಿ ಅಗಿದ ಹಾಗಿತ್ತು. ನಿಮ್ಮ ಮನೆಯ ಅಳತೆ ಬರೆದು ಕಳಿಸಿದರೆ ದೊಡ್ಡ ಉಪಕಾರ.

ಗಿಲ್ಬರ್ಟ್ ಪಿರಿ

*

ಪೋರ್ಟ್‌ಗಾರಿ
11 ಅಕ್ಟೋಬರ್ 1993

ಗಿಲ್ಬರ್ಟ್ ಪಿರಿ ಅವರಿಗೆ,

ನಿಮ್ಮ ಕಾಗದ ತಪ್ಪು ಮನೆಗೆ ಬಂದಿದೆ.

ಒಂದು ಕಾಲಕ್ಕೆ ಈ ಊರಲ್ಲಿ ನಾವು ನಾಲ್ವರು ಎಲ್ಸ್‌ಪೆತ್ ಮೇರ್ ಇದ್ದೆವು. ಅರ್ಧ ಊರೇ ಮೇರ್, ಇನ್ನರ್ಧ ಪಿರಿ. ಮದುವೆಯಾದರೂ ಹೆಂಗಸರನ್ನು ತವರಿನ ಹೆಸರಿನಿಂದಲೇ ಕರೆಯುವ ಊರು ಇದು. ಹಾಗಾಗಿ ಬಾಬಿನ್, ಕಾಸ್ಟಿ ಎಂಬಂಥ ಮನೆಯ ಅಡ್ಡಹೆಸರಿಲ್ಲದೆ ಕಾಗದ ಹಾಕಿದರೆ ಅದು ಯಾರ ಮನೆಗಾದರೂ ಹೋದೀತು ಎಂಬುದು ನಿಮಗೂ ತಿಳಿದಿರಬೇಕಿತ್ತು. ದೂರದಲ್ಲಿದ್ದು ಮರೆತಿರಿ. ಬಾಬಿನ್ ಮನೆಯ ಎಲ್ಸ್‌ಪೆತ್ ಹೋಗಿ ಆರು ವರ್ಷವಾಯಿತು, ಚರ್ಚಿನ ಹಿಂದೆ ಮಲಗಿದ್ದಾಳೆ. ನಾನು ಕಾಸ್ಟಿ ಮನೆಯ ಎಲ್ಸ್‌ಪೆತ್. ನಾಲ್ವರಲ್ಲಿ ಉಳಿದವಳು ನಾನೊಬ್ಬಳೇ, ಅದಕ್ಕೆ ಅಂಚೆಯ ಡಾಡ್ ಯೋಚನೆ ಮಾಡದೆ ನನ್ನ ಕೈಗೆ ಕೊಟ್ಟ.

"ಏನವ್ವಾ, ಕೈಯಲ್ಲಿ ಬರೆದ ಕಾಗದ ಬಂದದೆ ನಿಂಗೆ. ಗಂಡಸಿನ ಅಕ್ಷರ ಇದ್ದಂಗದೆ. ಈ ವಯಸ್ಸಲ್ಲಿ ಏನು ಸಮಾಚಾರ?" ಅಂದ.

"ನಿನ್ನ ಕೆಲಸ ನೋಡ್ಕೋ ಹೋಗು" ಅಂದೆ. ನಾನು ನಕ್ಕೆ. ನಕ್ಕಿದ್ದು ನನಗೇ ಹೊಸದಾಗಿ ಕೇಳಿಸಿತು.

ನನ್ನ ಗಂಡ ಆಂಡ್ರೂ ಹೋದ ಮೇಲೆ ಈ ಬಾಗಿಲಿಗೆ ಬರುವುದು ಕರೆಂಟಿನ ಬಿಲ್ಲು, ಚರ್ಚಿನ ಸುತ್ತೋಲೆ ಅಷ್ಟೇ. ನಿಮ್ಮ ಕಾಗದವನ್ನು ಊಟದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಓದಿದೆ. ಸೂಪಿನ ಪಾತ್ರೆಯ ವಿಷಯ ನನಗೆ ಚೆನ್ನಾಗಿ ಅರ್ಥವಾಯಿತು. ಇದನ್ನು ಅಂಚೆಗೆ ಹಾಕಿದರೆ ನೀವು ಎರಡು ಸಾಲಿನಲ್ಲಿ ವಂದನೆ ಬರೆಯುತ್ತೀರಿ, ಅಲ್ಲಿಗೆ ಮುಗಿಯಿತು. ಆಗಬೇಕಾದದ್ದೂ ಹಾಗೆಯೇ.

ಆದರೆ ಇವತ್ತು ಅಂಚೆಯ ಹೊತ್ತು ಮೀರಿದೆ. ಇದು ಬ್ರೆಡ್ಡಿನ ಡಬ್ಬಿಯಲ್ಲಿರಲಿ. ನಾಳೆ ಬೇರೆ ಬರೆಯುತ್ತೇನೆ.

*

ಪೋರ್ಟ್‌ಗಾರಿ
12 ಅಕ್ಟೋಬರ್ 1993

ಶ್ರೀ ಗಿಲ್ಬರ್ಟ್ ಪಿರಿ ಅವರಿಗೆ,

ನಿಮ್ಮ ಕಾಗದ ತಲುಪಿತು. ನಿಮ್ಮ ಮನೆಯವರು ಹೋದ ಸುದ್ದಿ ಓದಿ ಸಂಕಟವಾಯಿತು. ನಾನೂ ಒಬ್ಬಳೇ ಇದ್ದೇನೆ, ಆ ಸೂಪು ನನಗೂ ಗೊತ್ತು.

ನಿಮ್ಮ ಮನೆ ನೆನಪಿದೆ. ಶೇವಿ ಪಿರಿ ಅನ್ನುತ್ತಿದ್ದರು ನಿಮಗೆ. ನಿಮ್ಮ ಅಮ್ಮ ಮೇಗಿ ಕಂದು ಬಣ್ಣದ ಶಾಲು ಹೊದೆಯುತ್ತಿದ್ದರು.

ಬಾಬಿನ್ ಬೇಕರಿಯ ಅಳತೆ ಬರೆದಿಟ್ಟದ್ದು ಎಲ್ಲೂ ಇಲ್ಲ. ಅಂಗಡಿ ಇದ್ದ ಜಾಗದಲ್ಲಿ ಈಗ ಹುಡುಗಿಯೊಬ್ಬಳು ಕೂದಲು ಕತ್ತರಿಸುತ್ತಾಳೆ. ಆದರೂ ಆ ಓಣಿಗೆ ಹೋದರೆ ನನಗೆ ಈಗಲೂ ಕೊಬ್ಬಿನ ವಾಸನೆ ಬರುತ್ತದೆ. ಹಸಿರು ಹಿಂಬಾಗಿಲು, ಕಿಟಕಿಯ ಗಾಜಿನ ಮೇಲೆ ಕೂತ ಹಬೆ, ಒಲೆಯ ಹಿಂದಿನ ಆ ಗೋಡೆ. ಚಳಿಯಲ್ಲಿ ಮಕ್ಕಳು ಶಾಲೆಗೆ ಹೋಗುವ ಮುಂಚೆ ಅದಕ್ಕೆ ಬೆನ್ನು ಒತ್ತಿ ನಿಲ್ಲುತ್ತಿದ್ದೆವಲ್ಲ. ಕೋಟಿನೊಳಗೆ ಸೇರಿದ ಕಾವು ಪ್ರಾರ್ಥನೆ ಮುಗಿಯುವವರೆಗೂ ಇರುತ್ತಿತ್ತು.

ನನಗೆ ಸ್ವಲ್ಪ ಸಮಯ ಕೊಡಿ. ವಿಚಾರಿಸಿ, ಮಾಡಿ, ಕಳಿಸುತ್ತೇನೆ. ತಿಂದು ಸರಿಯಿದೆಯೋ ಇಲ್ಲವೋ ನೀವು ಬರೆಯಬೇಕು.

ಎಲ್ಸ್‌ಪೆತ್ ಮೇರ್

*

ಅನ್‌ಸ್ಟ್
21 ಅಕ್ಟೋಬರ್ 1993

ಪ್ರಿಯ ಎಲ್ಸ್‌ಪೆತ್ ಅವರೇ,

ನಿಮ್ಮ ಕಾಗದವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಆ ಗೋಡೆ ಮರೆತೇ ಹೋಗಿತ್ತು. ನಾನೂ ಅದಕ್ಕೆ ಬೆನ್ನು ಕೊಟ್ಟವನೇ. ಅಮ್ಮನ ಶಾಲಿನ ಬಣ್ಣ ನನಗಿಂತ ನಿಮಗೇ ಚೆನ್ನಾಗಿ ನೆನಪಿದೆ. ಅಬರ್ಡೀನಿಗೆ ಹೋದ ಮೇಲೂ ಅದನ್ನೇ ಹೊದೆದಳು.

ಇಲ್ಲಿ ಈಗಲೇ ಸಂಜೆ ಐದಕ್ಕೆ ದೀಪ ಹಚ್ಚಬೇಕು. ರೂಬಿ ಇದ್ದಾಗ ಹೊತ್ತು ಮುಳುಗುವುದು ನನ್ನ ಗಮನಕ್ಕೆ ಬರುತ್ತಿರಲಿಲ್ಲ, ಅವಳು ರೇಡಿಯೋ ಹಾಕುತ್ತಿದ್ದಳು. ಈಗ ರೇಡಿಯೋ ಹಾಕಿದರೆ ಯಾರೋ ಮನೆಗೆ ಬಂದು ನನ್ನನ್ನು ಬಿಟ್ಟು ತಮ್ಮ ತಮ್ಮಲ್ಲೇ ಮಾತಾಡಿಕೊಂಡ ಹಾಗಾಗುತ್ತದೆ.

ಅವಸರ ಮಾಡಬೇಡಿ. ಊರಿನ ಸುದ್ದಿ ಏನಿದ್ದರೂ ಬರೆಯಿರಿ, ರೋವಿಯದೇ ಆಗಬೇಕೆಂದಿಲ್ಲ.

ಗಿಲ್ಬರ್ಟ್

*

ಪೋರ್ಟ್‌ಗಾರಿ
2 ನವೆಂಬರ್ 1993

ಗಿಲ್ಬರ್ಟ್, ಇದೂ ಡಬ್ಬಿಗೇ.

ಇವತ್ತು ನಡೆದದ್ದು ಯಾರಿಗಾದರೂ ಹೇಳಬೇಕು, ಹೇಳಲು ನೀವೊಬ್ಬರೇ ಇದ್ದೀರಿ, ನಿಮಗೆ ಹೇಳುವ ಹಾಗಿಲ್ಲ. ನನ್ನ ಕಥೆ ಹೀಗಾಗಿದೆ.

ಬಾಬಿನ್ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದ ಜೋಕ್ ವುಡ್ ಬಂದರಿನ ಬೆಂಚಿನ ಮೇಲೆ ಸಿಕ್ಕಿದ. ಎಂಬತ್ತು ದಾಟಿದೆ, ಬಾಯಿ ಮಾತ್ರ ಹಾಗೇ ಇದೆ. ಪಕ್ಕದಲ್ಲಿ ಇನ್ನಿಬ್ಬರು ಮುದುಕರು.

"ಜೋಕ್, ರೋವಿಗೆ ಕೊಬ್ಬು ಎಷ್ಟು ಹಾಕ್ತಿದ್ರಿ?"

"ಎಷ್ಟು ರೋವಿಗೆ?"

"ಒಂದು ಡಜನ್‌ಗೆ ಅನ್ಕೋ."

"ಡಜನ್ ಲೆಕ್ಕ ನಂಗೊತ್ತಿಲ್ಲ ಕಣೇ. ನಾನೂರಕ್ಕಾದ್ರೆ ಹೇಳ್ತೀನಿ. ಕಡಿಮೆ ಮಾಡಿದ್ದೇ ಇಲ್ಲ ನಾನು."

"ಸರಿ, ನಾನೂರಕ್ಕೇ ಹೇಳು."

ಅವನು ಹೇಳಿದ, ಪಕ್ಕದವನು ಅಲ್ಲ ಅಂದ, ಮೂರನೆಯವನು ಬೆಣ್ಣೆಯೂ ಇತ್ತು ಅಂದ. "ನೀನ್ಯಾವತ್ತೋ ಒಳಗ್ ಬಂದಿದ್ದು? ನಿನ್ನ ಜನ್ಮದಲ್ಲಿ ಬೆಣ್ಣೆ ಕಂಡಿದ್ದೀಯಾ?" ಎಂದು ಜೋಕ್ ಅವನ ಮೇಲೆ ಎಗರಿದ. ಆಮೇಲೆ ನನ್ನ ಕಡೆ ತಿರುಗಿದ. "ಅಲ್ವೇ, ನಿಂಗ್ಯಾಕೆ ಇದೆಲ್ಲ? ನೀನು ಕಾಸ್ಟಿ ಹುಡುಗಿ. ನಿಮ್ಮನೇಲಿ ಒಲೆ ಕಾಯೋಕಿಂತ ನಿಮ್ಮಪ್ಪನ್ನ ಕಾಯೋದೇ ಕೆಲಸ ಆಗಿತ್ತಲ್ಲ."

ಎಲ್ಲರೂ ನಕ್ಕರು. ನನ್ನ ಅಪ್ಪ ಕುಡಿಯುತ್ತಿದ್ದದ್ದು ಇಲ್ಲಿ ಯಾರಿಗೂ ಹಳೆಯ ಸುದ್ದಿಯಾಗಿಲ್ಲ. ನಾನೂ ನಕ್ಕು, "ಸುಮ್ಮನೆ ಕೇಳ್ದೆ" ಎಂದು ಎದ್ದು ಬಂದೆ.

ದಾರಿಯುದ್ದಕ್ಕೂ ನಾನೂರನ್ನು ಹನ್ನೆರಡಕ್ಕೆ ಇಳಿಸುತ್ತ ಬಂದೆ. ಬಾಬಿನ್ ಮನೆಯ ಮಗಳಾಗಿರುವುದು ಸುಲಭದ ಕೆಲಸವಲ್ಲ.

*

ಪೋರ್ಟ್‌ಗಾರಿ
5 ನವೆಂಬರ್ 1993

ಪ್ರಿಯ ಗಿಲ್ಬರ್ಟ್ ಅವರೇ,

ಇದರೊಂದಿಗೆ ಹನ್ನೆರಡು ರೋವಿ ಇವೆ. ನಮ್ಮ ಒಲೆಯ ಜೋಕ್ ಹೇಳಿದ ಅಳತೆ ಇದು. ಮೂರು ಸಲ ಮಡಿಸಿ, ಮಡಿಕೆಗೊಮ್ಮೆ ಹಂದಿಕೊಬ್ಬು ಸವರಿ, ಕೊನೆಗೆ ಬೆರಳಿನ ಗೆಣ್ಣಿನಿಂದ ಒತ್ತಬೇಕು. ಅಪ್ಪನ ಗೆಣ್ಣು ದಪ್ಪ, ನನ್ನದು ಸಣ್ಣದು, ಗುಳಿ ಅಷ್ಟು ಚೆನ್ನಾಗಿ ಬಿದ್ದಿಲ್ಲ.

ನಮ್ಮ ಊರಿನವರ ಬುದ್ಧಿ ನಿಮಗೆ ಗೊತ್ತೇ ಇದೆ. ಮೂವರನ್ನು ಕೇಳಿದರೆ ನಾಲ್ಕು ಅಳತೆ ಹೇಳುತ್ತಾರೆ. ದೋಣಿಯವರಿಗಾಗಿ ಹುಟ್ಟಿದ ತಿಂಡಿ ಇದು, ಕೊಬ್ಬು ಜಾಸ್ತಿ ಇದ್ದಷ್ಟೂ ಸಮುದ್ರದ ಮೇಲೆ ಕೆಡದೆ ನಿಲ್ಲುತ್ತಿತ್ತು ಎನ್ನುವುದರಲ್ಲಿ ಮಾತ್ರ ಎಲ್ಲರೂ ಒಂದು.

ಎಲ್ಸ್‌ಪೆತ್

*

ಅನ್‌ಸ್ಟ್
15 ನವೆಂಬರ್ 1993

ಪ್ರಿಯ ಎಲ್ಸ್‌ಪೆತ್,

ಪೊಟ್ಟಣ ಮೂರನೆಯ ದಿನಕ್ಕೇ ಬಂತು, ಇನ್ನೂ ಮೆತ್ತಗಿತ್ತು. ಬಂದ ದಿನ ನಾಲ್ಕು ತಿಂದೆ. ರೂಬಿ ಹೋದ ಮೇಲೆ ನಾನು ಒಂದೇ ಸಲಕ್ಕೆ ತಿಂದ ದೊಡ್ಡ ಊಟ ಅದು. ಆದ್ದರಿಂದ ಈಗ ಹೇಳುವುದನ್ನು ದೂರು ಎಂದುಕೊಳ್ಳಬೇಡಿ.

ಚೆನ್ನಾಗಿದೆ, ಆದರೆ ಅದಲ್ಲ. ಉಪ್ಪು ಸರಿ, ಕೊಬ್ಬು ಸರಿ. ಅಂಚಿನಲ್ಲಿ ಮುರಿಯುವಾಗ ಒಂದು ಸದ್ದು ಬರುತ್ತಿತ್ತು, ಒಳಗೆ ಒಂಥರಾ ಹೊಗೆಯ ರುಚಿ ಇತ್ತು, ಅದಿಲ್ಲ. ಒಲೆಯ ಕಾವು ಕಡಿಮೆಯಾಯಿತೇ? ನಿಮ್ಮ ತಂದೆ ಹಿಟ್ಟಿಗೆ ಬೇರೆ ಏನಾದರೂ ಬೆರೆಸುತ್ತಿದ್ದರೇ?

ಮತ್ತೊಮ್ಮೆ ಪ್ರಯತ್ನಿಸುವುದು ನಿಮಗೆ ತೊಂದರೆಯಾದರೆ ಬೇಡ. ಕಾಗದ ಮಾತ್ರ ಬರೆಯಿರಿ. ಇನ್ನೊಂದು ಮಾತು. ಒಂದೇ ಗೋಡೆಗೆ ಬೆನ್ನು ಕಾಸಿಕೊಂಡವರು ನಾವು. ಈ "ನೀವು" ಬಿಟ್ಟುಬಿಡೋಣವೇ?

ಗಿಲ್ಬರ್ಟ್

*

ಪೋರ್ಟ್‌ಗಾರಿ
18 ಡಿಸೆಂಬರ್ 1993

ಗಿಲ್ಬರ್ಟ್,

ಬಿಟ್ಟೆ. ನಿನ್ನನ್ನು ನೀನು ಎನ್ನಲು ಎರಡು ದಿನ ಅಭ್ಯಾಸ ಮಾಡಿಕೊಂಡೆ.

ತಿಂಗಳಿಂದ ನನ್ನ ಅಡುಗೆಮನೆ ಬೇಕರಿಯಾಗಿದೆ. ಕಾವು ಹೆಚ್ಚಿಸಿದೆ, ತಳ ಸೀದು ಕರಿಯಾಯಿತು. ಕೊಬ್ಬು ಹೆಚ್ಚಿಸಿದೆ, ತಟ್ಟೆಯಲ್ಲಿ ಈಜಾಡಿತು. ಸಕ್ಕರೆ ಕಡಿಮೆ ಮಾಡಿದರೆ ಹುದುಗು ಬರಲಿಲ್ಲ. ಕೆಟ್ಟದ್ದನ್ನೆಲ್ಲ ಹಿಂದಿನ ಗೋಡೆಯ ಮೇಲಿಡುತ್ತೇನೆ. ಈಗ ನಮ್ಮ ಕೇರಿಯ ಕಡಲಹಕ್ಕಿಗಳು ನನ್ನ ಬಾಗಿಲಲ್ಲೇ ಬೀಡು ಬಿಟ್ಟಿವೆ. ಡಾಡ್ ಟೋಪಿ ಮೇಲೆ ಚೀಲ ಹಿಡಿದುಕೊಂಡು ಬರುತ್ತಾನೆ. "ನಿನ್ನ ಕಾಗದ ತರೋಕೆ ಸರ್ಕಾರ ನಂಗೆ ಛತ್ರಿ ಕೊಡಬೇಕು" ಅನ್ನುತ್ತಾನೆ.

ಹಬ್ಬಕ್ಕೆ ಹೊಸದಾಗಿ ಮಾಡಿ ಕಳಿಸುತ್ತಿದ್ದೇನೆ. ಹೊಸದೇನೂ ಬೆರೆಸಿಲ್ಲ. ನವೆಂಬರಿನ ಅಳತೆಯೇ, ಅದಕ್ಕಿಂತ ಒಳ್ಳೆಯದು ನನ್ನಿಂದ ಆಗಲಿಲ್ಲ. ಇದೂ ಸರಿ ಹೋಗದಿದ್ದರೆ ನನಗೆ ಬೇಸರವಿಲ್ಲ. ನಿಜ ಹೇಳಬೇಕೆಂದರೆ, ಬೇಗ ಸರಿ ಹೋಗಿಬಿಟ್ಟರೇ ಬೇಸರ. ಸಿಕ್ಕಿತು ಎಂದಾದರೆ ಆಮೇಲೆ ನಮಗೆ ಬರೆಯಲು ಏನಿರುತ್ತದೆ?

ಹೊಸ ವರ್ಷದ ರಾತ್ರಿ ಮೊದಲು ಹೊಸಿಲು ತುಳಿಯುವವರು ಇದ್ದಿಲು ತರಬೇಕೆಂದು ನಮ್ಮಲ್ಲಿ ರೂಢಿ. ಮೂರು ವರ್ಷದಿಂದ ನಾನೇ ಇದ್ದಿಲು ಹಿಡಿದು ಹಿಂಬಾಗಿಲಿಂದ ಹೊರಗೆ ಹೋಗಿ ಮುಂಬಾಗಿಲಿಂದ ಒಳಗೆ ಬರುತ್ತೇನೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಎಲ್ಸ್‌ಪೆತ್

*

ಅನ್‌ಸ್ಟ್
19 ಜನವರಿ 1994

ಎಲ್ಸ್‌ಪೆತ್,

ಸಿಕ್ಕಿತು.

ಬಿರುಗಾಳಿಗೆ ಅಂಚೆ ತರುವ ಲೆರ್ವಿಕ್ ಹಡಗು ನಿಂತುಹೋಗಿತ್ತು, ಹಬ್ಬದ ರಜೆ ಬೇರೆ. ನಿನ್ನ ಪೊಟ್ಟಣ ಎಲ್ಲೆಲ್ಲಿ ಕೊಳೆಯಿತೋ, ಮೊನ್ನೆ ಬಂತು. ರೋವಿ ಗಟ್ಟಿಯಾಗಿ ಮೇಜಿಗೆ ಬಡಿದರೆ ಸದ್ದು ಮಾಡುತ್ತಿತ್ತು. ಬಿಸಾಡಲು ಮನಸ್ಸಾಗಲಿಲ್ಲ. ಒಲೆಯ ಮೇಲಿನ ಕಬ್ಬಿಣದ ತಟ್ಟೆಯಲ್ಲಿಟ್ಟು ಕಾಯಿಸಿದೆ. ಕೊಬ್ಬು ಕರಗಿ ಚುರ್ ಎಂದಿತು, ಅಂಚು ಸೀದಿತು, ಮನೆ ತುಂಬ ವಾಸನೆ ಹರಡಿತು. ಕಚ್ಚಿದೆ. ಅದೇ ಎಲ್ಸ್‌ಪೆತ್, ಅದೇ. ನಿಂತೇ ತಿಂದೆ. ತಿನ್ನುತ್ತ ಅತ್ತೆ. ಅಮ್ಮ ಸತ್ತಾಗಲೂ, ರೂಬಿ ಸತ್ತಾಗಲೂ ಅಳು ಬಂದಿರಲಿಲ್ಲ.

ಈ ಸಲ ಏನು ಮಾಡಿದೆ? ಏನು ಮಾಡಿದ್ದರೂ ಹಾಗೇ ಮತ್ತೆ ಮಾಡಿ ಕಳಿಸು.

ಮುಂದಿನ ಹೊಸ ವರ್ಷಕ್ಕೆ ಇದ್ದಿಲು ಬೇರೆಯವರು ತರಲಿ.

ಗಿಲ್ಬರ್ಟ್

*

ಪೋರ್ಟ್‌ಗಾರಿ
25 ಜನವರಿ 1994

ಡಬ್ಬಿಗೆ.

ನಾನು ಈ ಸಲ ಏನೂ ಮಾಡಿಲ್ಲ, ಗಿಲ್ಬರ್ಟ್. ಮಾಡಿದ್ದು ಬಿರುಗಾಳಿ.

ನಿನ್ನ ಕಾಗದ ಓದಿ ಮುಗಿಸುವ ಮುಂಚೆಯೇ ಅರ್ಥವಾಯಿತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದೆ ನಾನು. ನಿನಗೆ ಬೇಕಾಗಿದ್ದದ್ದು ನಿನ್ನೆಯ ರೋವಿ. ಬಾಬಿನ್ ಅಂಗಡಿಯಲ್ಲಿ ಬೆಳಿಗ್ಗೆ ಮುಂಬಾಗಿಲು ತೆರೆಯುವ ಮುಂಚೆ, ಇನ್ನೂ ಕತ್ತಲಿರುವಾಗ, ಹಸಿರು ಹಿಂಬಾಗಿಲಲ್ಲಿ ಹಿಂದಿನ ದಿನ ಉಳಿದದ್ದನ್ನು ಅಗ್ಗಕ್ಕೆ ಕೊಡುತ್ತಿದ್ದರು. ದೋಣಿ ಮರಳದ ಮನೆಯವರು, ಗಂಡ ಕುಡಿದು ಮಲಗಿದ ಮನೆಯವರು ಅಲ್ಲಿ ನಿಲ್ಲುತ್ತಿದ್ದರು. ನಿನ್ನ ಅಮ್ಮ ನಿಲ್ಲುತ್ತಿದ್ದಳು. ಅವಳ ಹಿಂದೆ ನಾನು ನಿಲ್ಲುತ್ತಿದ್ದೆ. ಕಂದು ಶಾಲು ನನಗೆ ನೆನಪಿರುವುದು ಅದಕ್ಕೇ. ಎಷ್ಟು ಬೆಳಗು ಅದರ ಬೆನ್ನನ್ನೇ ನೋಡುತ್ತ ನಿಂತಿದ್ದೆನೋ.

ಅವಳು ನಿಮಗೆ ಬೆನ್ನು ಹಾಕಿ ನಿಂತದ್ದು ಏಕೆಂದು ಈಗ ತಿಳಿಯಿತು. ಗಟ್ಟಿ ರೋವಿಯನ್ನು ಕಾಯಿಸಿ, "ಬಿಸಿಬಿಸಿ ಇದೆ" ಎಂದು ಕೊಡುತ್ತಿದ್ದಳು. ಮಕ್ಕಳಿಗೆ ಗೊತ್ತಾಗಬಾರದೆಂದು ಅವಳು ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಬಿಚ್ಚಿಡಲು ನಾನು ಯಾರು? ಬಿಚ್ಚಿಟ್ಟರೆ, ನೀನು ಆ ಸಾಲಿನಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳುವೆ. ಬೇಕರಿಯ ಮಗಳು ಹಿಂಬಾಗಿಲಲ್ಲಿ ನಿಲ್ಲುವುದಿಲ್ಲ.

ಮೂರನೆಯ ಕಾರಣವೂ ಇದೆ. ಇದು ಬರೆಯಲು ಒಂದು ಸಾಲು ಸಾಕು: "ಇಟ್ಟು ಒಣಗಿಸಿ ಕಾಯಿಸು." ಆ ಸಾಲು ಬರೆದ ಮೇಲೆ ನಿನಗೆ ನನ್ನಿಂದ ಏನೂ ಬೇಕಾಗುವುದಿಲ್ಲ.

*

ಪೋರ್ಟ್‌ಗಾರಿ
27 ಜನವರಿ 1994

ಗಿಲ್ಬರ್ಟ್,

ನಿನ್ನ ಕಾಗದ ಓದಿ ಬಹಳ ಸಂತೋಷವಾಯಿತು.

ಏನು ಮಾಡಿದೆ ಎಂದು ಹೇಗೆ ಬರೆಯಲಿ? ಕೈಗೆ ಬಂದದ್ದು ಬಾಯಿಗೆ ಬರುವುದಿಲ್ಲ. ಅದು ನಮ್ಮ ಮನೆತನದ ಗುಟ್ಟು, ಹೊರಗೆ ಹೇಳಬಾರದೆಂದು ಅಪ್ಪನ ಮಾತು. ಆದರೆ ನಿನಗೆ ಬೇಕಾದಾಗಲೆಲ್ಲ ನಾನೇ ಮಾಡಿ ಕಳಿಸುತ್ತೇನೆ. ಬಂದ ಮೇಲೆ ಕಬ್ಬಿಣದ ತಟ್ಟೆಯಲ್ಲಿ ಕಾಯಿಸಿಯೇ ತಿನ್ನು.

ಎಲ್ಸ್‌ಪೆತ್

*

ಅನ್‌ಸ್ಟ್
14 ಫೆಬ್ರವರಿ 1994

ಎಲ್ಸ್‌ಪೆತ್,

ಗುಟ್ಟು ಬರೆಯಲು ಬರದಿದ್ದರೆ ಬೇಡ, ಕಣ್ಣಿಂದ ನೋಡಿ ಕಲಿಯುತ್ತೇನೆ. ಈಸ್ಟರ್‌ಗೆ ಬರಲೇ? ಬಂದರಿನ ಹತ್ತಿರ ಕೋಣೆ ಬಾಡಿಗೆಗೆ ಸಿಗುತ್ತದಲ್ಲ. ನಿನ್ನ ಅಡುಗೆಮನೆಯ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತೇನೆ. ಹಾಗೆಯೇ ನಿನ್ನ ತಂದೆಯ ಸಮಾಧಿಗೂ ಹೋಗಿ ಟೋಪಿ ತೆಗೆದು ಬರೋಣ.

ಇಷ್ಟು ದೂರ ಹೋಗಬೇಕೆಂದು ನನಗೆ ಅನಿಸಿ ಬಹಳ ಕಾಲವಾಗಿತ್ತು.

ಗಿಲ್ಬರ್ಟ್

*

ಪೋರ್ಟ್‌ಗಾರಿ
23 ಫೆಬ್ರವರಿ 1994

ಶ್ರೀ ಗಿಲ್ಬರ್ಟ್ ಪಿರಿ ಅವರಿಗೆ,

ನೀವು ಬರಬೇಡಿ. ಬಂದರೆ ನಾನು ಯಾರ ಸಮಾಧಿಗೆ ಕರೆದುಕೊಂಡು ಹೋಗಲಿ? ಬಾಬಿನ್ ಸಮಾಧಿಯ ಪಕ್ಕದಲ್ಲೇ ಅವನ ಮಗಳದೂ ಇದೆ, ಕಲ್ಲಿನ ಮೇಲೆ ಎಲ್ಸ್‌ಪೆತ್ ಮೇರ್ ಎಂದೇ ಕೆತ್ತಿದ್ದಾರೆ.

ನಾನು ಕಾಸ್ಟಿ ಮನೆಯ ಎಲ್ಸ್‌ಪೆತ್. ನಿಮ್ಮ ಮೊದಲ ಕಾಗದ ಬಂದ ದಿನವೇ ಸತ್ಯ ಬರೆದಿದ್ದೆ, ಕಳಿಸಲಿಲ್ಲ. ಆ ಕಾಗದವನ್ನೂ ಬ್ರೆಡ್ಡಿನ ಡಬ್ಬಿಯಲ್ಲಿ ಬಚ್ಚಿಟ್ಟ ಮಿಕ್ಕವನ್ನೂ ಇದರೊಂದಿಗೆ ಇಟ್ಟಿದ್ದೇನೆ. ಓದಿದರೆ ಎಲ್ಲ ತಿಳಿಯುತ್ತದೆ. ಅದರಲ್ಲಿ ನಿಮ್ಮ ತಾಯಿಯ ವಿಷಯವಿದೆ. ಅದನ್ನು ನಿಮಗೆ ತಿಳಿಸಬಾರದು ಎಂದಿದ್ದೆ. ಆದರೆ ಒಂದು ಸುಳ್ಳು ಮುಚ್ಚಲು ಅಪ್ಪ, ಮನೆತನ, ಗುಟ್ಟು ಎಂದು ಇಲ್ಲದ್ದನ್ನೆಲ್ಲ ತಂದೆ. ಇನ್ನು ನನ್ನ ಕೈಯಲ್ಲಾಗದು.

ಡಬ್ಬಿಯ ಕಾಗದಗಳಲ್ಲಿ ಇಲ್ಲದ ಒಂದು ಮಾತು ಇಲ್ಲಿ ಬರೆಯುತ್ತೇನೆ. ಒಂದು ಬೆಳಿಗ್ಗೆ ಹಿಮ ಬೀಳುತ್ತಿತ್ತು. ನನ್ನ ಕೋಟಿಗೆ ಗುಂಡಿ ಇರಲಿಲ್ಲ. ಮೇಗಿ ಹಿಂದೆ ತಿರುಗಿ, "ಬಾ ಇಲ್ಲಿ, ನಡುಗ್ತಾ ಇದ್ದೀಯಲ್ಲ" ಎಂದು ಶಾಲಿನ ಅರ್ಧ ನನಗೆ ಹೊದಿಸಿದರು. ಬಾಗಿಲು ತೆರೆಯುವವರೆಗೆ ನಾನು ಅವರ ಪಕ್ಕೆಗೆ ಅಂಟಿಕೊಂಡು ನಿಂತಿದ್ದೆ. "ನಂಗೂ ನಿನ್ನಷ್ಟೇ ದೊಡ್ಡ ಮಗ ಇದ್ದಾನೆ. ಮಲಗಿದ್ದಾನೆ, ಏನೂ ಗೊತ್ತಿಲ್ಲ ಅವನಿಗೆ" ಅಂದರು. ಆ ಮಗನಿಗೆ ನಾನು ಸುಳ್ಳು ಹೇಳಿದೆ.

ರೋವಿ ಮಾಡಿ, ಒಂದು ದಿನ ಹಾಗೇ ಇಟ್ಟು, ಕಬ್ಬಿಣದ ತಟ್ಟೆಯಲ್ಲಿ ಕಾಯಿಸಿ. ಗುಟ್ಟು ಇಷ್ಟೇ. ನಿಮಗೆ ಈಗ ಯಾರೂ ಬೇಕಾಗಿಲ್ಲ.

ಎಲ್ಸ್‌ಪೆತ್ ಮೇರ್, ಕಾಸ್ಟಿ

*

ಪೋರ್ಟ್‌ಗಾರಿ
29 ಮಾರ್ಚ್ 1994

ಹಳೆಯ ಕಾಗದಗಳನ್ನೆಲ್ಲ ಕಳಿಸಿದ್ದರಿಂದ ಡಬ್ಬಿ ಖಾಲಿಯಿತ್ತು. ಇದೊಂದು ಇರಲಿ.

ಡಾಡ್ ಈಗ ನನ್ನ ಬಾಗಿಲ ಮುಂದೆ ಬೇಗ ಬೇಗ ನಡೆಯುತ್ತಾನೆ. ಇವತ್ತು ಮಾತ್ರ ನಿಂತು, "ಹಡಗು ಸರಿಯಾಗಿ ಓಡ್ತಿಲ್ವಂತೆ ಕಣವ್ವಾ" ಅಂದ. ಸಮುದ್ರ ತಟ್ಟೆಯ ಹಾಗೆ ಮಲಗಿತ್ತು. "ಹೌದಂತೆ" ಅಂದೆ ನಾನೂ.

ಕಡಲಹಕ್ಕಿಗಳು ಕೆಲವು ದಿನ ಕಾದವು. ಈಗ ಅವೂ ಬರುವುದಿಲ್ಲ.

*

ಅನ್‌ಸ್ಟ್
6 ಏಪ್ರಿಲ್ 1994

ಎಲ್ಸ್‌ಪೆತ್,

ಈ ಸಲ ಲಕೋಟೆಯ ಮೇಲೆ ಅಡ್ಡಹೆಸರು ಬರೆದಿದ್ದೇನೆ, ನೋಡಿರುತ್ತೀ.

ನಿನ್ನ ಕಾಗದಗಳು ಒಂದು ತಿಂಗಳು ಗಡಿಯಾರದ ಕೆಳಗಿದ್ದವು. ಕೋಪ ಬಂದಿತ್ತು, ಇಲ್ಲವೆನ್ನುವುದಿಲ್ಲ. ನೀನು ಬಾಬಿನ್ ಮಗಳಲ್ಲ ಎನ್ನುವುದಕ್ಕಲ್ಲ. ಅಮ್ಮ ಆ ಸಾಲಿನಲ್ಲಿ ನಿಲ್ಲುತ್ತಿದ್ದಳು ಎನ್ನುವ ಮಾತನ್ನು ನನ್ನೆದುರು ಇದುವರೆಗೆ ಯಾರೂ ಆಡಿರಲಿಲ್ಲ. ನಾನೂ ಆಡಿರಲಿಲ್ಲ. ಅದು ಅಕ್ಷರದಲ್ಲಿ ಕಂಡಾಗ ಯಾರೋ ನಮ್ಮ ಮನೆಯ ಕಿಟಕಿಯಿಂದ ಇಣುಕಿದ ಹಾಗಾಯಿತು.

ನನಗೆ ಗೊತ್ತಿತ್ತು, ಎಲ್ಸ್‌ಪೆತ್. ಎಂಟು ವರ್ಷದವನಿದ್ದಾಗ ಒಂದು ದಿನ ಎಚ್ಚರವಾಗಿ ಅವಳ ಹಿಂದೆಯೇ ಹೋಗಿ ಓಣಿಯ ತುದಿಯಿಂದ ನೋಡಿದೆ. ಸಾಲಿನಲ್ಲಿ ಮಕ್ಕಳೂ ಇದ್ದರು. ನೀನು ಇದ್ದೆಯೋ ಇಲ್ಲವೋ ನೆನಪಿಲ್ಲ, ಇದ್ದೆ ಎಂದು ಸುಳ್ಳು ಹೇಳಲಾರೆ. ಓಡಿ ಬಂದು ಹಾಸಿಗೆ ಸೇರಿ ಕಣ್ಣು ಮುಚ್ಚಿಕೊಂಡೆ. ಅವಳು ಒಲೆಯ ಮುಂದೆ ನಿಂತು, "ಬಿಸಿಬಿಸಿ ಇದೆ, ಅಲ್ವೇನೋ?" ಎಂದು ಕೇಳಿದಳು. "ಹೌದಮ್ಮ, ಬಿಸಿ ಇದೆ" ಅಂದೆ. ಆಮೇಲೆ ದಿನವೂ ಅವಳು ಕೇಳಿದಳು, ನಾನು ಹಾಗೇ ಹೇಳಿದೆ. ಸಾಯುವವರೆಗೂ ನಾವು ಆ ಮಾತು ಎತ್ತಲಿಲ್ಲ.

ಜನವರಿಯಲ್ಲಿ ಕಚ್ಚಿದ ಕೂಡಲೇ ನನಗೂ ತಿಳಿದಿತ್ತು. ಆದರೆ ಹೇಳಿದ್ದರೆ ನೀನು ಆಮೇಲೆ ಏನು ಕಳಿಸುತ್ತಿದ್ದೆ? ಇಟ್ಟರೆ ಯಾರ ರೊಟ್ಟಿಯಾದರೂ ಒಣಗುತ್ತದೆ. ಅದಕ್ಕೇ ಏನು ಮಾಡಿದೆ ಎಂದು ಕೇಳಿದೆ. ನೀನು ಮನೆತನದ ಗುಟ್ಟು ಎಂದು ಬರೆದಾಗ ಎಷ್ಟು ಸಮಾಧಾನವಾಯಿತು ಗೊತ್ತೇ.

ನೀನು ಬಾಬಿನ್ ಮಗಳಲ್ಲ ಎನ್ನುವುದು ನಿನ್ನ ಮೊದಲ ಕಾಗದಕ್ಕೇ ತಿಳಿದಿತ್ತು. ಒಲೆ ಇದ್ದ ಮನೆಯ ಮಗಳು ಗೋಡೆಯ ಒಳಗಿನಿಂದ ಬರೆಯುತ್ತಾಳೆ. ನೀನು ಬರೆದದ್ದೆಲ್ಲ ಓಣಿಯ ಕಡೆಯಿಂದ. ಹಿಂಬಾಗಿಲಿನ ಬಣ್ಣ, ಗಾಜಿನ ಹಬೆ, ಹೊರಗೋಡೆಯ ಕಾವು. ನಿನ್ನ ತಂದೆಯ ಸಮಾಧಿ ಎಂದು ಬರೆದದ್ದೂ ನಿನ್ನ ಮಾತು ಕಾಯಲೆಂದೇ, ಅದು ನಿನ್ನನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ ಎಂದು ಹೊಳೆಯಲಿಲ್ಲ. ಅಷ್ಟು ಕಷ್ಟಪಟ್ಟು ಯಾರೋ ನನಗಾಗಿ ಬಿಸಿ ಮಾಡಿ ತರುತ್ತಿರುವಾಗ ಎಲ್ಲಿಂದ ತಂದೆ ಎಂದು ಕೇಳುವುದನ್ನು ನಾನು ಕಲಿತೇ ಇಲ್ಲ.

ಶಾಲಿನ ವಿಷಯ ಮಾತ್ರ ನನಗೆ ಗೊತ್ತಿರಲಿಲ್ಲ. ಅದನ್ನು ಎದುರಿಗೆ ಕೂತು ಇನ್ನೊಮ್ಮೆ ಕೇಳಬೇಕು. ಮೇ ಮೊದಲ ವಾರದಲ್ಲಿ ಬರುತ್ತೇನೆ. ಬೇಡ ಎಂದು ಇನ್ನೊಮ್ಮೆ ಬರೆದರೆ ಬರುವುದಿಲ್ಲ. ಬಾ ಎನ್ನುವುದಾದರೆ ಯಾವ ದಿನ ಎಂದು ನೀನೇ ಹೇಳು.

ಗಿಲ್ಬರ್ಟ್, ಶೇವಿ

*

ಪೋರ್ಟ್‌ಗಾರಿ
11 ಏಪ್ರಿಲ್ 1994

ಗಿಲ್ಬರ್ಟ್,

ಮೇ ನಾಲ್ಕು, ಬುಧವಾರ, ರೋವಿ ಬೇಯಿಸುತ್ತೇನೆ.

ನೀನು ಗುರುವಾರ ಬಾ.

ಎಲ್ಸ್‌ಪೆತ್